ಚೌಡಮ್ಮನ ಮೊಲಗಳು

ಕುರಿ ಕಾಯುವ ಮನೆತನದ ಹೆಣ್ಣನ್ನು ಮದುವೆಯಾದವನು ಕುರಿಯನ್ನೇ ಸಾಕಬೇಕೆಂದು ಯಾವ ಕಾನೂನಿನಲ್ಲಿ ಬರೆದಿದೆ? ಮತ್ತೋಡಿನಲ್ಲಿ ನನ್ನ ಮಾವ ಗೊಲ್ಲಪ್ಪನವರ ಕುರಿರೊಪ್ಪದ ಮುಂದೆ ನಿಂತು ಹೀಗೆಂದು ಕೇಳಿಯೇಬಿಟ್ಟೆ! ಪಾಪ, ಅವರು ಪ್ರೀತಿಯಿಂದ ಎರಡು ಕುರಿಮರಿ ಕೊಡಲು ಬಂದಿದ್ದರು. ನಾನು ಮೊಲ ಸಾಕುತ್ತೇನೆ, ನಮ್ಮ ಮನೆಯ ಮೊಲದ ಸಾರು ಉಂಡ ಮೇಲೆ ನೀವು ಕುರಿಯ ಹೆಸರನ್ನೇ ಮರೆಯುತ್ತೀರಿ ಎಂದು ಸಾರಿದೆ.

ಶ್ರೀರಾಂಪುರದಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಒಂದನ್ನು ಹತ್ತು ಮಾಡುವ ವಿದ್ಯೆ ನನಗೆ ಕರಗತ. ಮೊಲಕ್ಕೂ ಅದೇ ವಿದ್ಯೆ ಗೊತ್ತು. "ಮಾವ, ಇದು ಕರೆಂಟ್ ಹೋದರೂ ನಿಲ್ಲದ ಜೆರಾಕ್ಸು" ಎಂದೆ. ಮಾವ ಬೀಡಿಯ ಬೂದಿ ಕೊಡವಿ, "ಆಗ್ಲಿ ಅಳಿಯಂದ್ರೆ, ನನ್ನ ಹಲ್ಲು ಗಟ್ಟಿ ಇರೋವಾಗ್ಲೇ ಕರೀರಿ" ಎಂದರು.

ಹಿತ್ತಲಲ್ಲಿ ಜಾಲರಿಯ ದೊಡ್ಡ ಗೂಡು ಕಟ್ಟಿಸಿ ಬಿಳಿ ಮೊಲಗಳನ್ನು ತಂದು ಬಿಟ್ಟೆ. ಕೆಲವೇ ತಿಂಗಳಲ್ಲಿ ಗೂಡು ತುಂಬಿತು. ಎಲ್ಲವೂ ಬಿಳಿ, ಎಲ್ಲಕ್ಕೂ ಕೆಂಪು ಕಣ್ಣು! ಯಾವುದು ಅಸಲಿ, ಯಾವುದು ನಕಲು ಎಂದು ನನಗೇ ತಿಳಿಯುತ್ತಿರಲಿಲ್ಲ. ಹೊಸದುರ್ಗ ರಸ್ತೆಯಲ್ಲಿ ಡಾಬಾ ನಡೆಸುವ ರವೀಂದ್ರ, ಇದ್ದಷ್ಟನ್ನೂ ಭಾನುವಾರ ತಾನೇ ಒಯ್ಯುವುದಾಗಿ ಹೇಳಿದ. ಅವನಿಗೆ ಕೊಟ್ಟು ಒಂದೆರಡನ್ನು ನಮ್ಮ ಸಾರಿಗೆ ಉಳಿಸಿಕೊಂಡರಾಯಿತೆಂದು ಮಾವನಿಗೂ ಅದೇ ದಿನ ಬರಹೇಳಿದೆ. ಅವರ ಕಣ್ಣೆದುರೇ ನನ್ನ ವಿಜಯೋತ್ಸವ ನಡೆಯಬೇಡವೆ?

ಭಾನುವಾರ ಬಂತು. ಮಾವ ಜಗಲಿಯ ಮೇಲೆ, ರವೀಂದ್ರ ಬುಟ್ಟಿಗಳ ಸಮೇತ ಹಿತ್ತಲಲ್ಲಿ. ನಾನು ಕೋಟೆಯ ಬಾಗಿಲು ತೆರೆಯುವ ಠೀವಿಯಿಂದ ಗೂಡಿನ ಚಿಲಕ ತೆಗೆದೆ. ನೋಡಿದರೆ, ಅಷ್ಟೂ ಮೊಲಗಳ ಮೂತಿ ಕೆಂಪು!

ಏನೋ ರೋಗವೆಂದು ಹೆದರಿ, ಹೆಂಡತಿ ಜಯಶೀಲಾಳನ್ನು ಕೂಗಿದೆ. ಅವಳು ಸೆರಗಿನ ಅಂಚು ಸುರುಳಿ ಸುತ್ತುತ್ತ ನಿಂತಳು. ವಿಷಯ ಇಷ್ಟೇ. ಹಿಂದೊಮ್ಮೆ ಮೊಲಗಳಿಗೆ ಕಿವಿಯ ಕಜ್ಜಿ ಹತ್ತಿದಾಗ, ವಾಸಿಯಾದರೆ ಒಂದನ್ನು ನಿನ್ನ ಹೆಸರಿಗೆ ಬಿಡುತ್ತೇನೆಂದು ಚೌಡಮ್ಮನಿಗೆ ಹರಕೆ ಹೊತ್ತಿದ್ದಳಂತೆ. ಇಂದು ಮಾರಾಟವಲ್ಲವೆ? ಗುರುತಿರಲೆಂದು ನಿನ್ನೆ ಸಂಜೆ ಒಂದರ ಹಣೆಗೆ ಧಾರಾಳವಾಗಿ ಕುಂಕುಮ ಬಳಿದು ಮತ್ತೆ ಗುಂಪಿಗೇ ಬಿಟ್ಟಿದ್ದಾಳೆ. ಅವು ರಾತ್ರಿಯಿಡೀ ಒಂದರ ಮೂತಿಗೊಂದು ಉಜ್ಜಿ, ನೆಕ್ಕಿ, ಹಣೆಯ ಗುರುತನ್ನೂ ಉಳಿಸದೆ ಪ್ರಸಾದ ಹಂಚಿಕೊಂಡಿವೆ.

"ನೀನು ಕುಂಕುಮ ಇಟ್ಟಿದ್ದು ಯಾವುದಕ್ಕೆ?"

"ಬೆಳ್ಳಗಿತ್ತಲ್ರೀ, ಅದಕ್ಕೆ."

ರವೀಂದ್ರ ಆಗಲೇ ಚಪ್ಪಲಿ ಬಿಟ್ಟು ಗೂಡಿಗೆ ಕೈ ಮುಗಿಯುತ್ತಿದ್ದ. "ಅಣ್ಣ, ಅಮ್ಮನ ಮೊಲ ಕೊಯ್ದರೆ ನನ್ನ ಡಾಬಾದ ಒಲೆ ಹತ್ತುತ್ತಾ?" ಎಂದವನೇ ಬುಟ್ಟಿ ಎತ್ತಿಕೊಂಡ. ಅಮ್ಮನದು ಒಂದೇ ಒಂದು, ಉಳಿದವೆಲ್ಲ ನನ್ನವು ಎಂದು ಗೋಗರೆದೆ. ಅಷ್ಟರಲ್ಲಿ ಮಾವ ನಿಧಾನವಾಗಿ ಎದ್ದು ಬಂದರು.

"ಅಮ್ಮನದು ಯಾವುದು ಅಂತ ತೋರಿಸ್ರಿ ಅಳಿಯಂದ್ರೆ. ಉಳಿದವನ್ನ ನಾನೇ ಹಿಡಿದು ಬುಟ್ಟಿಗೆ ಹಾಕ್ತೀನಿ."

ನಾನು ಮೊಲಗಳನ್ನು ನೋಡಿದೆ. ಮೊಲಗಳು ನನ್ನನ್ನು ನೋಡಿದವು. ರವೀಂದ್ರನ ಗಾಡಿ ಖಾಲಿಯೇ ಹೋಯಿತು. ಮಧ್ಯಾಹ್ನವಾಗುವಷ್ಟರಲ್ಲಿ ಬೀದಿಯ ಹೆಂಗಸರು ಕ್ಯಾರೆಟ್ಟು, ಹುರುಳಿ ಸೊಪ್ಪು, ಊದುಬತ್ತಿ ಹಿಡಿದು ಹಿತ್ತಲಿಗೆ ಬರತೊಡಗಿದರು. ಒಬ್ಬರು ನನ್ನ ಮುಂದೆ ತೀರ್ಥಕ್ಕೆ ಕೈ ಒಡ್ಡಿದರು.

ಆದರೂ ಒಂದು ಸಮಾಧಾನವಿತ್ತು. ಅಳಿಯನ ಸಾಮರ್ಥ್ಯದ ಮೇಲೆ ಅಪಾರ ನಂಬಿಕೆಯಿದ್ದ ಮಾವ, ಬರುವಾಗಲೇ ಕುರಿಬಾಡು ತಂದಿದ್ದರು! ಸಾರು ಕುದಿಯುವ ಘಮಕ್ಕೆ ನನ್ನ ಅವಮಾನವೆಲ್ಲ ಕರಗಿಹೋಯಿತು. ಕೈ ತೊಳೆದು ಮಾವನ ಪಕ್ಕ ಕುಳಿತೆ. ಅವರ ಮುದ್ದೆಯ ಸುತ್ತ ಬಾಡಿನ ಸಾರು. ನನ್ನ ಮುದ್ದೆಯ ಸುತ್ತ ಬೇಳೆಯ ತಿಳಿಸಾರು.

"ಇದೇನೇ?" ಎಂದೆ.

"ದೇವರ ಪ್ರಾಣಿ ಕಾಯೋರು ಬಾಡು ಮುಟ್ಟಂಗಿಲ್ರೀ" ಎಂದಳು ಜಯಶೀಲಾ.

"ಎಲ್ಲೀ ತನಕ?"

"ಅವುಗಳ ಸಂತಾನ ಇರೋ ತನಕ."

ಮಾವ ನಲ್ಲಿಮೂಳೆ ಚೀಪಿ ತಟ್ಟೆಯಂಚಿಗಿಟ್ಟು, ನನ್ನ ಬೆನ್ನು ಸವರಿದರು.

"ಕರೆಂಟ್ ಹೋದ್ರೂ ನಿಲ್ಲಂಗಿಲ್ಲ ಅಂದಿದ್ರಲ್ಲ ಅಳಿಯಂದ್ರೆ. ಉಣ್ರಿ, ತಿಳಿಸಾರು ಆರಿಹೋಗ್ತೈತೆ."