ಹಾಸಿಗೆ ಅಂಗಡಿಯವನ ನಿದ್ದೆ

ಹಾಸಿಗೆ ಅಂಗಡಿಯ ಸೇಲ್ಸ್‌ಮನ್ನನಿಗೆ ನಿದ್ದೆಯೇ ಬರುತ್ತಿರಲಿಲ್ಲ. ಹಗಲೆಲ್ಲ "ಮಲಗಿ ನೋಡಿ ಅಮ್ಮಾ, ಮೋಡದ ಮೇಲಿದ್ದ ಹಾಗಿರುತ್ತೆ" ಎಂದು ಊರಿಗೆಲ್ಲ ನಿದ್ದೆ ಹಂಚುವವನು, ರಾತ್ರಿಯೆಲ್ಲ ಸೂರಿನ ಹಲ್ಲಿಯ ಜೊತೆಗಾರನಾಗಿದ್ದ. ಕೊನೆಗೆ ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು. ಹೇಗೆ ನುಂಗಬೇಕೆಂದು ಅವರು ಹೇಳುವಾಗಲೇ ಇವನ ಫೋನ್ ಬಡಿದುಕೊಂಡಿದ್ದರಿಂದ ಅರ್ಧ ಮಾತು ಕಿವಿಗೆ ಬೀಳಲಿಲ್ಲ.

ಉಳಿದರ್ಧ ತುಂಬಿಕೊಡಲು ಪಕ್ಕದ ಮನೆಯ ಡಾಕ್ಟರ್ ಮಾವ ಇದ್ದರು. ನಿವೃತ್ತ ಬಸ್ ಕಂಡಕ್ಟರ್. ಕೇಳದವರಿಗೂ ಔಷಧ ಹೇಳುತ್ತಿದ್ದುದರಿಂದ ಆ ಹೆಸರು.

"ಇಡೀ ಮಾತ್ರೆ ನುಂಗಿದ್ರೆ ಅದು ಕರಗೋದ್ಯಾವಾಗಪ್ಪ? ಪುಡಿ ಮಾಡಿ ಹಾಲಲ್ಲಿ ಕುಡಿ. ಅದಕ್ಕೂ ಮೊದ್ಲು, ತಾನಾಗೇ ನಿದ್ದೆ ಬರುತ್ತಾ ಅಂತ ಕಾದು ನೋಡು."

ಅವನು ಕಾದ. ಬೆಳಗಿನ ಹಾಲಿನವನ ಸೈಕಲ್ ಗಂಟೆ ಕೇಳುವ ತನಕ ಕಾದ. ಆಮೇಲೆ ಮಾತ್ರೆಯನ್ನು ಜಜ್ಜಿ, ಆ ಹಾಲಿನಲ್ಲೇ ಕದಡಿ ಕುಡಿದ. ನಿದ್ದೆ ಬಂತು. ಹಿಂದೆಯೇ ಹೆಂಡತಿಯೂ ಬಂದಳು.

"ರೀ, ಏಳ್ರೀ! ಇವತ್ತು ರಿಯಾಯಿತಿ ಮಾರಾಟ, ಬೇಗ ಹೋಗ್ಬೇಕು ಅಂತ ನೀವೇ ಅಂದಿರಲ್ಲ!"

ಮುಖಕ್ಕೆ ನೀರೆರಚಿ, ಅಂಗಿ ತೊಡಿಸಿ ಬೀದಿಗೆ ದಬ್ಬಿದಳು. ದಾರಿಯಲ್ಲಿ ಒಂದು ದೀಪದ ಕಂಬಕ್ಕೆ "ಬನ್ನಿ ಸಾರ್, ಒಳಗೆ ಬನ್ನಿ" ಎಂದು ಕೈಮುಗಿದು, ಅವನು ಹೇಗೋ ಅಂಗಡಿ ಸೇರಿದ.

ಮೊದಲ ಗಿರಾಕಿ ಒಬ್ಬ ಟೀಚರಮ್ಮ. "ಇದು ಮೆತ್ತಗಿದೆಯಾ?" ಎಂದು ಕೇಳಿದರು. ತೋರಿಸಲೆಂದು ಕೂತ. ಇನ್ನೂ ಚೆನ್ನಾಗಿ ತೋರಿಸಲೆಂದು ಮಲಗಿದ. ಮತ್ತೆ ಏಳಲಿಲ್ಲ.

ಟೀಚರಮ್ಮ ಸ್ವಲ್ಪ ಹೊತ್ತು ಮರ್ಯಾದೆಯಿಂದ ಕಾದರು. ಆಮೇಲೆ ಜನ ಸೇರಿದರು. ಜೊತೆಯ ಸೇಲ್ಸ್‌ಮನ್ ಚಿವುಟಿದ. ಎದುರಂಗಡಿಯ ಟೈಲರ್ ನಾಡಿ ಹಿಡಿದು, "ಹೋಗೇಬಿಟ್ನಾ?" ಎಂದ. ಗರಗಸ ಎಳೆದಂಥ ಗೊರಕೆಯೊಂದು ಅದಕ್ಕೆ ಉತ್ತರ ಕೊಟ್ಟಿತು.

ಅಂಗಡಿಯ ಯಜಮಾನರು ಕೆಂಪಾಗಿ ಓಡಿಬಂದರು. ಅವರು ಬಾಯಿ ತೆರೆಯುವ ಮೊದಲೇ ಟೀಚರಮ್ಮ ಹೇಳಿದರು: "ನನಗೆ ಇದೇ ಹಾಸಿಗೆ ಬೇಕು. ಇವರನ್ನ ಇಳಿಸಿ ಕೊಡಿ."

ನಾಲ್ವರು ಸೇರಿ ಅವನನ್ನು ಪಕ್ಕದ ಹಾಸಿಗೆಗೆ ಸಾಗಿಸಿದರು. ಗೊರಕೆ ನಿಲ್ಲಲಿಲ್ಲ, ಆ ಹಾಸಿಗೆಯೂ ಮಾರಿಹೋಯಿತು. ಹೀಗೆ ಸಾಗಿಸಿ ಸಾಗಿಸಿ, ಸಂಜೆ ಎಚ್ಚರವಾದಾಗ ಅವನು ಬರಿ ನೆಲದ ಮೇಲಿದ್ದ. ಅಂಗಡಿಯಲ್ಲಿ ತಲೆಗಿಡಲು ಒಂದು ದಿಂಬೂ ಉಳಿದಿರಲಿಲ್ಲ.

ಹೆದರಿ ನೇರ ಡಾಕ್ಟರಮ್ಮನ ಬಳಿ ಓಡಿದ. ಅವರು ಹಣೆ ಚಚ್ಚಿಕೊಂಡರು.

"ಪುಡಿ ಮಾಡಿದ್ರಾ? ಎಂಥ ಅಪಾಯ ರೀ! ಇದರಲ್ಲಿ ಎರಡು ಪದರ ಇದೆ. ಒಂದು ಬೇಗ ಕರಗಿ ನಿದ್ದೆ ಹತ್ತಿಸುತ್ತೆ. ಇನ್ನೊಂದು ರಾತ್ರಿಯೆಲ್ಲ ಸ್ವಲ್ಪ ಸ್ವಲ್ಪವೇ ಕರಗಿ ನಡುವೆ ಎಚ್ಚರ ಆಗದ ಹಾಗೆ ನೋಡ್ಕೊಳ್ಳುತ್ತೆ. ನೀವು ಎರಡನ್ನೂ ಒಟ್ಟಿಗೇ ಒಳಗೆ ಬಿಟ್ಟಿದ್ದೀರಿ! ಮುರೀಬೇಡಿ, ಅಗೀಬೇಡಿ, ಇಡಿಯಾಗಿ ನುಂಗಿ. ಅದೂ ರಾತ್ರಿ ಪೂರ್ತಿ ಮಲಗೋಕೆ ಹೊತ್ತಿದ್ರೆ ಮಾತ್ರ. ಇವತ್ತು ಬೇಡ, ನಾಳೆಯಿಂದ. ಕೆಲವೇ ದಿನ, ಆಮೇಲೆ ನಿದ್ದೆ ತಾನಾಗೇ ದಾರಿಗೆ ಬರುತ್ತೆ."

ಅವನ ಎದೆ ಹಗುರಾಯಿತು. ಕ್ಷಮೆ ಕೇಳಿಬಿಡೋಣವೆಂದು ಅಂಗಡಿಗೆ ಮರಳಿದರೆ, ಯಜಮಾನರ ಮುಂದೆ ಹೆಂಡತಿಯೂ ಡಾಕ್ಟರ್ ಮಾವನೂ ಕೂತಿದ್ದರು.

"ನಿನ್ನ ಕಷ್ಟ ಎಲ್ಲಾ ಬಿಡಿಸಿ ಹೇಳಿದೀವಪ್ಪ," ಎಂದರು ಮಾವ ಹೆಮ್ಮೆಯಿಂದ.

ಯಜಮಾನರ ಕಣ್ಣು ಒದ್ದೆಯಾಗಿತ್ತು. "ರಾತ್ರಿಯೆಲ್ಲ ರೆಪ್ಪೆ ಮುಚ್ಚಲ್ವಂತೆ! ಮೊದಲೇ ಹೇಳಬಾರದಿತ್ತಾ? ಗೋದಾಮಿನ ರಾತ್ರಿ ಕಾವಲಿಗೆ ಇಂಥ ಮನುಷ್ಯನನ್ನೇ ಹುಡುಕ್ತಿದ್ದೆ. ಬಂದವರೆಲ್ಲ ಮಲಗಿಬಿಡ್ತಾರೆ ಕಣ್ರೀ. ಸಂಬಳ ಜಾಸ್ತಿ. ಇವತ್ತಿಂದಲೇ ಶುರು ಮಾಡಿ."

"ಸಾರ್, ಆದ್ರೆ ಡಾಕ್ಟರಮ್ಮ ಇನ್ಮೇಲೆ ಸರಿಹೋಗುತ್ತೆ ಅಂದಿದ್ದಾರೆ..."

"ಅಯ್ಯೋ, ದಯವಿಟ್ಟು ಸರಿ ಮಾಡ್ಕೋಬೇಡಿ!"

ಹೆಂಡತಿ ಸಂಭ್ರಮದಿಂದ ತಲೆಯಾಡಿಸಿದಳು. ಯಜಮಾನರು ಅವನ ಕೈಗೆ ಟಾರ್ಚನ್ನೂ ಸೀಟಿಯನ್ನೂ ಇಟ್ಟರು. ಬೇಡ ಎನ್ನಲು ಅವನು ಬಾಯಿ ತೆರೆದ. ಮಾತು ಹೊರಡಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಯಾವ ಮಾತ್ರೆಯ ಹಂಗೂ ಇಲ್ಲದೆ, ಸೊಗಸಾದ ಒಂದು ಆಕಳಿಕೆ ಹೊರಟಿತು.