ಬಿಣಗಾ ಏರಿನಲ್ಲಿ ತಡವರಿಕೆ

ತಡವರಿಸುವವರನ್ನು ಕಂಡರೆ ನನಗೆ ಯಾವತ್ತೂ ಸಿಟ್ಟು ಬಂದಿಲ್ಲ. ಯಾಕೆಂದರೆ ನಾನೇ ಆ ಪೈಕಿ. ಹೆಣ್ಣು ನೋಡಲು ಚಿತ್ತಾಕುಲಕ್ಕೆ ಹೋದಾಗ ಹುಡುಗಿಯ ಅಪ್ಪ, "ಏನು, ಒಪ್ಪಿಗೆಯೋ?" ಎಂದು ನೇರವಾಗಿ ಕೇಳಿಬಿಟ್ಟರು. ನಾನು "ಅಂ... ಅದು... ಅಂದ್ರೆ..." ಎನ್ನುವಷ್ಟರಲ್ಲಿ ನನ್ನ ತಾಯಿ, ನಮ್ಮ ಆಯಿ, "ಒಪ್ಪಿಗೆ ಅದೆ, ಮುಹೂರ್ತ ನೋಡಿ" ಎಂದು ಮಾತು ಮುಗಿಸಿ ಅವಲಕ್ಕಿ ತಟ್ಟೆಗೆ ಕೈ ಹಾಕಿದ್ದಳು. ಆ ಹುಡುಗಿಯೇ ಶೈಲಾ, ನನ್ನ ಹೆಂಡತಿ. "ನಿಮ್ಮ ಬಾಯಿಂದ ಹೌದು ಅಂತ ನಾನು ಇವತ್ತಿಗೂ ಕೇಳ್ಲಿಲ್ಲ, ಆಯಿಯನ್ನೇ ಮದುವೆ ಆದ ಹಾಗಾಯ್ತು" ಎಂದು ಅವಳು ಆಗಾಗ ಚುಚ್ಚುವುದುಂಟು. ನಾನು ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಅವಳು ಬಟ್ಟೆ ಒಣಹಾಕಲು ಹಿತ್ತಿಲಿಗೆ ಹೋಗಿರುತ್ತಾಳೆ. ಇಂಥ ಮನುಷ್ಯನ ಗಾಡಿಯೂ ತಡವರಿಸಲು ಶುರುಮಾಡಿದರೆ ಊರವರು ಏನನ್ನಬೇಕು? "ಯಜಮಾನನ ಗುಣ ಬಂದದೆ ಬಿಡು" ಎಂದರು.

ಅಂಕೋಲೆಯಲ್ಲಿ ನನ್ನದು ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಮದುವೆ, ಮುಂಜಿ, ಸತ್ಯನಾರಾಯಣ ಪೂಜೆ, ಯಾವುದೇ ಇರಲಿ, ಕೊಪ್ಪರಿಗೆಯಿಂದ ಹಿಡಿದು ಸೌಟಿನವರೆಗೆ ಎಲ್ಲವೂ ನಮ್ಮಲ್ಲಿಂದಲೇ ಹೋಗಬೇಕು. ಅವನ್ನು ಹೊರುವುದಕ್ಕೆ ಒಂದು ಹಳೆಯ ಡೀಸೆಲ್ ಪಿಕಪ್ ಗಾಡಿ. ನಾನು ಕೊಂಡಾಗಲೇ ಅದು ಇನ್ನೊಬ್ಬರ ಮನೆಯಲ್ಲಿ ಸಂಸಾರ ಮಾಡಿ ಬಂದದ್ದು. ಬಣ್ಣ ನೀಲಿ ಎಂದು ಕಾಗದದಲ್ಲಿದೆ, ಕಣ್ಣಿಗೆ ಕಾಣುವುದು ಬೇರೆ. ಕಿಟಕಿಯ ಗಾಜು ಅರ್ಧಕ್ಕಿಂತ ಮೇಲೆ ಬರುವುದಿಲ್ಲ. ಆದರೂ ಅದರ ಮೇಲೆ ನನಗೆ ಭಾರೀ ಪ್ರೀತಿ. ಮನೆಯಲ್ಲಿ ನಾನು ಎಡಕ್ಕೆ ತಿರುಗಿಸಿದರೆ ಎಡಕ್ಕೆ, ಬಲಕ್ಕೆ ತಿರುಗಿಸಿದರೆ ಬಲಕ್ಕೆ ಹೋಗುವುದು ಅದೊಂದೇ.

ತಡವರಿಕೆ ಶುರುವಾದದ್ದು ದಸರೆ ಮುಗಿದ ಮೇಲೆ. ಊರೊಳಗೆ ಓಡಾಡುವಾಗ ಏನೂ ಇಲ್ಲ. ಹೆದ್ದಾರಿ ಹಿಡಿದು ಕಾರವಾರದ ಕಡೆ ಹೊರಟರೆ ಅವರ್ಸಾ ದಾಟುವವರೆಗೂ ಒಳ್ಳೆಯ ಮನೆತನದ ಗಾಡಿಯ ಹಾಗೆ ಇರುತ್ತಿತ್ತು. ಆಮೇಲೆ ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಯೋಚನೆ ಮಾಡುತ್ತಿತ್ತು. ಯೋಚಿಸಿ ಮುಂದೆ ಹಾರುತ್ತಿತ್ತು, ಮತ್ತೆ ಯೋಚನೆ. ಬಿಣಗಾ ಏರು ಬಂತೋ, ಕೆಮ್ಮಿ, ಕುಲುಕಿ, ನಿಂತೇಬಿಡುತ್ತಿತ್ತು. ಬೇರೆಯವರ ಗಾಡಿ ಹೀಗೆ ಮಾಡಿದರೆ ಅವರಿಗಷ್ಟೇ ಗೊತ್ತಾಗುತ್ತದೆ. ನನ್ನದರಲ್ಲಿ ಹಿಂದೆ ಹಂಡೆ, ಬಾಣಲೆ, ಮುಚ್ಚಳ, ಸೌಟು ಎಲ್ಲ ಇರುವುದರಿಂದ ಪ್ರತಿ ಕುಲುಕಿಗೂ ಢಣಾರ್ ಎಂದು ಮಂಗಳಾರತಿಯ ಸದ್ದು. ರಸ್ತೆ ಬದಿಯ ಮನೆಗಳಿಂದ ಹೆಂಗಸರು ಹೊರಗೆ ಬಂದು ನೋಡುತ್ತಿದ್ದರು. ಒಬ್ಬರು ಅಜ್ಜಿ ಕೈಮುಗಿದದ್ದೂ ಇದೆ.

ನಿಂತ ಮೇಲೆ ನನ್ನದೊಂದು ಕ್ರಮವಿತ್ತು. ಕೆಳಗಿಳಿದು ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆಯುವುದು. ಮೀಟರಿನ ಮುಳ್ಳು ಸತ್ತು ಎಷ್ಟೋ ಕಾಲವಾಗಿದ್ದರಿಂದ ಡೀಸೆಲ್ ಇದೆಯೋ ಇಲ್ಲವೋ ಎಂದು ಕೋಲು ಅದ್ದಿಯೇ ನೋಡಬೇಕು. ಮುಚ್ಚಳ ಸಡಿಲಿಸಿದ ಕೂಡಲೇ ಗಾಡಿ 'ಹುಶ್ಶ್' ಎಂದು ಒಂದು ನಿಟ್ಟುಸಿರು ಬಿಡುತ್ತಿತ್ತು. ಪಾಪ, ದಣಿದಿದೆ ಎಂದುಕೊಳ್ಳುತ್ತಿದ್ದೆ. ಮುಚ್ಚಳದೊಳಗೆ ಆಯಿ ಆಯುಧಪೂಜೆಯ ದಿನ ಇಟ್ಟ ಪ್ರಸಾದದ ಪೊಟ್ಟಣವಿತ್ತು. ಹೂವು, ಕುಂಕುಮ, ಡೀಸೆಲ್ ತಾಗಬಾರದೆಂದು ಮೇಲೆ ದಪ್ಪ ಪ್ಲಾಸ್ಟಿಕ್ಕು. ಹಿಂದೆಲ್ಲ ಸ್ಟಿಯರಿಂಗ್ ಮುಂದೆ ಇಡುತ್ತಿದ್ದಳು. ಕಿಟಕಿಯ ಗಾಳಿಗೆ ಅದು ಹಾರಿ ಕಾಲಡಿಗೆ ಬಿದ್ದದ್ದನ್ನು ನೋಡಿ ಎದೆ ಬಡಿದುಕೊಂಡು, ಈ ಸಲ ಭದ್ರವಾದ ಜಾಗ ಹುಡುಕಿದ್ದಳು. "ಗಾಡಿಗೆ ಬಾಯಿ ಅಂದ್ರೆ ಅದೇ ಅಲ್ದಾ? ತಿನ್ನೂದು ಕುಡಿಯೂದು ಅಲ್ಲೇ. ಕೀಲಿ ಬೇರೆ ಅದೆ, ಯಾರೂ ತೆಗೂದಿಲ್ಲ" ಎಂದಿದ್ದಳು. ನಾನು ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು, ಕೋಲು ಅದ್ದಿ ನೋಡಿ, ಪೊಟ್ಟಣವನ್ನು ಇದ್ದಲ್ಲೇ ಇಟ್ಟು, ಮುಚ್ಚಳ ಬಿಗಿದು ಹೊರಟರೆ ಗಾಡಿ ಒಂದಷ್ಟು ದೂರ ಸರಿಯಾಗಿಯೇ ಓಡುತ್ತಿತ್ತು. ದೇವರ ಮಹಿಮೆ ಎಂದು ನಾನು ನಂಬಿದ್ದರಲ್ಲಿ ತಪ್ಪೇನಿದೆ?

ಗಾಡಿ ನಿಂತಾಗ ನಮ್ಮ ಕಡೆ ಜನ ಸೇರಲು ಹೆಚ್ಚು ಹೊತ್ತು ಬೇಡ. ಒಮ್ಮೆ ಯಲ್ಲಾಪುರ ರಸ್ತೆಯಲ್ಲಿ ಸುಂಕಸಾಳದ ಹತ್ತಿರ ನಿಂತಿತು. ಚಹಾದಂಗಡಿಯಲ್ಲಿ ಕೂತಿದ್ದವರೆಲ್ಲ ಗ್ಲಾಸು ಹಿಡಿದುಕೊಂಡೇ ಬಂದರು. ಒಬ್ಬ, "ಡೀಸೆಲ್‌ನಲ್ಲಿ ನೀರು ಅದೆ" ಎಂದ. ಇನ್ನೊಬ್ಬ, "ನೀರಲ್ಲ ಮಾರಾಯಾ, ಏರ್ ಹಿಡದದೆ" ಎಂದ. ನೀರು, ಗಾಳಿ ಎರಡೂ ಆದವಲ್ಲ, ಇನ್ನು ಬೆಂಕಿಯೊಂದು ಬಾಕಿ ಎಂದು ನಾನು ಹೆದರುತ್ತಿದ್ದಾಗ ಮೂರನೆಯವನು ಬೀಡಿ ಹಚ್ಚಿಕೊಂಡು ಟ್ಯಾಂಕಿನೊಳಗೆ ಬಗ್ಗಿ ನೋಡಲು ಬಂದ. ಅವನನ್ನು ತಡೆಯಲು ನನಗೆ ಮಾತು ಬೇಕಿತ್ತು, ಮಾತು ಯಥಾಪ್ರಕಾರ "ಅಂ... ಅದು..." ಎಂದು ಗಂಟಲಲ್ಲೇ ನಿಂತಿತು. ಕೊನೆಗೆ ಅವನ ಅಂಗಿ ಹಿಡಿದು ಎಳೆದೆ. ಅವನು ಬೇಜಾರಾಗಿ ಗಾಡಿ ತಳ್ಳಲು ಕೈಹಾಕಲಿಲ್ಲ.

ಗ್ಯಾರೇಜಿನ ಪಾಂಡು ಮೇಸ್ತ್ರಿಯ ಹತ್ತಿರ ಬಿಟ್ಟೆ. ಪಾಂಡು ಒಳ್ಳೆಯ ಕೆಲಸಗಾರ, ಆದರೆ ಕಾಯಿಲೆ ಕೇಳುವ ತಾಳ್ಮೆ ಅವನಿಗಿಲ್ಲ. ನಾನು ಹೇಳಲು ಶುರುಮಾಡುವಷ್ಟರಲ್ಲಿ ಅವನು ಬಿಚ್ಚಲು ಶುರುಮಾಡಿರುತ್ತಾನೆ. ಡೀಸೆಲ್ ಫಿಲ್ಟರ್ ಬದಲಾಯಿಸಿದ. ನೋಜಲ್ ತೆಗೆಸಿ ನೋಡಿಸಿದ. ಏರ್ ಫಿಲ್ಟರಿನ ಧೂಳು ಕೊಡವಿ ಇಡೀ ಗ್ಯಾರೇಜು ಸೀನುವಂತೆ ಮಾಡಿದ. ಕಡೆಗೆ ಟ್ಯಾಂಕನ್ನೇ ಇಳಿಸಿ ತೊಳೆದ. ತೊಳೆಯುವಾಗ ಸಿಕ್ಕ ಪ್ರಸಾದವನ್ನು ಭಕ್ತಿಯಿಂದ ಗ್ಯಾರೇಜಿನ ದೇವರ ಫೋಟೋ ಮುಂದಿಟ್ಟು ಊದಿನಕಡ್ಡಿ ಹಚ್ಚಿದ. ಗಾಡಿ ಜೋಡಿಸಿ ಒಬ್ಬನೇ ಬಿಣಗಾದವರೆಗೆ ಹೋಗಿಬಂದ. "ಒಂದು ಕೆಮ್ಮಿಲ್ಲ, ಬೆಣ್ಣೆ ಹಾಂಗೆ ಓಡ್ತದೆ. ನಿಮಗೇ ಓಡ್ಸೂಕೆ ಬರೂದಿಲ್ಲ" ಎಂದ. ಕೀಲಿ ಕೊಡುವಾಗ ನೆನಪಾಗಿ, "ತಡೀರಿ, ಇದ ಮರ್ತ್ರೆ ಆಗ್ತದಾ" ಎಂದು ಪೊಟ್ಟಣವನ್ನು ತಂದು ಮುಚ್ಚಳದೊಳಗಿಟ್ಟು ತನ್ನ ಕೈಯಾರೆ ಬಿಗಿದುಕೊಟ್ಟ. ಮರುದಿನ ನಾನು ಅದೇ ಬಿಣಗಾ ಏರಿನಲ್ಲಿ ನಿಂತಿದ್ದೆ. ಅಂದಿನಿಂದ ಪಾಂಡು ನನ್ನನ್ನು ನೋಡುವ ನೋಟ ಬದಲಾಯಿತು. ಗಾಡಿಯ ರೋಗವಲ್ಲ, ಡ್ರೈವರನ ರೋಗ ಎಂದು ಊರೆಲ್ಲ ಹೇಳಿಕೊಂಡು ಬಂದ.

ಶೈಲಾ ಬಾಯಿಬಿಟ್ಟದ್ದು ಆಗ. ತುಳಸಿ ಮದುವೆ ಕಳೆದು ಲಗ್ನಗಳು ಶುರುವಾಗುವ ಹೊತ್ತು. ಮೊದಲ ಲಗ್ನವೇ ಚಿತ್ತಾಕುಲದಲ್ಲಿ, ಅವಳ ಚಿಕ್ಕಪ್ಪನ ಮಗಳದು. ಪಾತ್ರೆಗಳೆಲ್ಲ ನಮ್ಮವೇ. ಹಿಂದಿನ ದಿನ ಬೆಳಿಗ್ಗೆ ಅಡುಗೆಭಟ್ಟರ ಕೈಗೆ ಸಿಗಬೇಕು. "ನನ್ನ ತವರಿನ ಮದುವೆ. ಅಡಿಗೆಯವ್ರು ಕೈಕಟ್ಟಿ ಕೂತ್ರೆ ನಾನು ಆ ಊರಿಗೆ ಮತ್ತೆ ಮುಖ ತೋರ್ಸೂದು ಹೆಂಗೆ? ಕೇಳಿ, ಹೋಗೂವಾಗಾಗ್ಲಿ ಬರೂವಾಗಾಗ್ಲಿ ನಮ್ಮೋರ ಎದುರು ಇದು ನಿಂತ್ರೆ, ಮರುದಿನ ಗುಜರಿಗೆ. ಗುಜರಿಯವ್ನಿಗೆ ಹೇಳಿಟ್ಟಿದ್ದೆ" ಎಂದಳು. ಹೇಳಿದ್ದನ್ನು ಮಾಡುವ ಹೆಂಗಸು. ನನಗೆ ಊಟ ಸೇರಲಿಲ್ಲ. ಅಂಗಳಕ್ಕೆ ಹೋಗಿ ಗಾಡಿಯ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣು ತುಂಬಿ ಬಂತು.

ಆಯಿ ಅದನ್ನು ನೋಡಿರಬೇಕು. "ತಮಾ, ದೇವರ ಹತ್ರ ಪ್ರಸಾದ ಕೇಳ್ವ" ಎಂದಳು. ನಮ್ಮಲ್ಲಿ ಯಾವ ಗೊಂದಲವಿದ್ದರೂ ಕೊನೆಗೆ ಹೋಗುವುದು ಅಲ್ಲಿಗೇ. ಗುಡಿಯ ಪೂಜಾರಿ ಗುನಗ ಹೂವಿನ ಎಸಳುಗಳನ್ನು ನೀರಲ್ಲಿ ಅದ್ದಿ ದೇವರ ಮೈಗೆ ಹಚ್ಚುತ್ತಾನೆ. ಕೇಳಿದ ಮಾತಿಗೆ ಬಲದ ಎಸಳು ಬಿದ್ದರೆ ಹೌದು, ಎಡದ್ದು ಬಿದ್ದರೆ ಅಲ್ಲ. ಹುಡುಗಿ ಕೊಡುವುದು, ಬಾವಿ ತೋಡುವುದು ಎಲ್ಲ ಹೀಗೇ ತೀರ್ಮಾನವಾಗುತ್ತದೆ. ಫೀಡ್ ಪಂಪಿನ ದೋಷವೋ ಇಂಜಿನ್ನಿನ ಒಳಗಿನ ದೋಷವೋ ಕೇಳಿ ಎಂದು ನಾನು ಗುನಗನ ಕಿವಿಯಲ್ಲಿ ಹೇಳಿದೆ. "ದೇವ್ರಿಗೆ ಸಾಮಾನಿನ ಹೆಸ್ರು ಹೇಳಿ ತ್ರಾಸು ಕೊಡ್ಬೇಡಿ" ಎಂದು ಅವನು ಗದರಿ, "ದೋಷ ಗಾಡಿದೋ?" ಎಂದಷ್ಟೇ ಕೇಳಿದ. ಎಲ್ಲರೂ ನೋಡುತ್ತಿದ್ದಂತೆ ಎಡದ ಎಸಳು ಬಿತ್ತು. ಗಾಡಿಯದಲ್ಲ. "ಹಾಂಗಾರೆ ದೋಷ ಮನೇದೋ?" ಕೇಳಿದ್ದೇ ತಡ, ಬಲದ್ದು ಪಟ್ಟನೆ ಉದುರಿತು. ಗುನಗ ತಿರುಗಿ ನನ್ನನ್ನು ನೋಡಿದ. ಶೈಲಾ ನೋಡಿದಳು. ಹೆತ್ತ ಆಯಿಯೂ ನನ್ನನ್ನೇ ನೋಡಿದಳು. ದೇವರೂ ಪಾಂಡುವೂ ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಗುನಗ ಕೊಟ್ಟ ಹೊಸ ಪ್ರಸಾದವನ್ನು ಆಯಿ ಹಳೆಯ ಪೊಟ್ಟಣಕ್ಕೇ ಸೇರಿಸಿ, ಇನ್ನೊಂದು ಪ್ಲಾಸ್ಟಿಕ್ಕು ಸುತ್ತಿ, ಗಾಡಿಯ ಬಾಯಿಗೆ ತುರುಕಿ, ನನ್ನಿಂದ ಮುಚ್ಚಳ ಬಿಗಿಸಿದಳು.

ಪಾತ್ರೆ ಒಯ್ಯುವ ದಿನ ಮುಂದೆ ಮೂವರೂ ಕೂತೆವು. ಆಯಿ ನಡುವೆ. ಈ ಸಲ ಅವರ್ಸಾದಲ್ಲೇ ಯೋಚನೆ ಶುರುವಾಯಿತು. ಅಮದಳ್ಳಿಯಲ್ಲಿ ಕೆಮ್ಮು. ಬಿಣಗಾ ಏರಿನ ಅರ್ಧದಲ್ಲಿ ಢಣಾರ್ ಎಂದು ನಿಂತಿತು. ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತಿವೆ, ಚಿತ್ತಾಕುಲದಲ್ಲಿ ಅಡುಗೆಭಟ್ಟರು ಕಾಯುತ್ತಿದ್ದಾರೆ, ಶೈಲಾ ಕಿಟಕಿಯಾಚೆ ನೋಡುತ್ತಿದ್ದಾಳೆ. ಅವಳು ಬೈದಿದ್ದರೆ ಎಷ್ಟೋ ಹಿತವಾಗುತ್ತಿತ್ತು. ನಾನು ಇಳಿದು ಮುಚ್ಚಳ ತೆಗೆದೆ, ಗಾಡಿ ನಿಟ್ಟುಸಿರಿಟ್ಟಿತು. ಅಷ್ಟರಲ್ಲಿ ಆಯಿ ಒಳಗಿಂದಲೇ ಕೈಚಾಚಿ, "ಪ್ರಸಾದ ಇತ್ಲಾಗೆ ಕೊಡು. ಕೈಯಲ್ಲಿ ಹಿಡ್ಕಂಡು ದೇವ್ರ ನೆನಸ್ತೆ" ಎಂದಳು. ಕೊಟ್ಟೆ. ಗಾಡಿ ಹೊರಟಿತು ನೋಡಿ! ಏರು ಹತ್ತಿತು, ಕಾರವಾರ ದಾಟಿತು, ಕೋಡಿಬಾಗ ಹಿಂದೆ ಬಿತ್ತು, ಕಾಳಿ ಸೇತುವೆಯ ಮೇಲೆ ಸಮುದ್ರದ ಗಾಳಿಗೆ ಸೌಟುಗಳು ಮಾತ್ರ ಸಣ್ಣಗೆ ಕಿಣಿಕಿಣಿ ಎಂದವು. ಅಡುಗೆಭಟ್ಟರು ಒಲೆಗೆ ಕಟ್ಟಿಗೆ ಇಡುವ ಮೊದಲೇ ಕೊಪ್ಪರಿಗೆ ಅವರ ಮುಂದಿತ್ತು. ಶೈಲಾ ನನ್ನನ್ನು ನೋಡಿ ನಕ್ಕಳು. ಮದುವೆಯಾದ ಮೇಲೆ ತವರಿನವರ ಎದುರು ಅವಳು ನನ್ನನ್ನು ನೋಡಿ ನಕ್ಕದ್ದು ಅದೇ ಮೊದಲು ಎಂದು ಕಾಣುತ್ತದೆ. ಮಾವನವರು ಎರಡು ಸಲ ಹೋಳಿಗೆ ಬಡಿಸಿದರು.

ಲಗ್ನ ಮುಗಿದು ಪಾತ್ರೆ ಹೇರಿ ಹೊರಡುವಾಗ ಇಡೀ ತವರು ಬೀಳ್ಕೊಡಲು ನಿಂತಿತ್ತು. ಅವರ ಎರಡು ಜೀಪು ಕಾರವಾರದವರೆಗೆ ನಮ್ಮ ಹಿಂದೆಯೇ ಬರುವವು. ಆಯಿ ಪೊಟ್ಟಣವನ್ನು ಕಣ್ಣಿಗೊತ್ತಿ, "ಕೆಲ್ಸ ಆಯ್ತಪ್ಪಾ, ಇನ್ನು ನಿನ್ನ ಜಾಗಕ್ಕೆ ಹೋಗು" ಎಂದು ಮರಳಿ ಇಡಿಸಿದಳು. ಶೈಲಾಳ ಚಿಕ್ಕಪ್ಪನ ಗದ್ದೆಯ ಅಕ್ಕಿ, ತೆಂಗಿನಕಾಯಿ ತುಂಬಿಕೊಳ್ಳಲು ಊರೊಳಗೆಲ್ಲ ಸುತ್ತಿ ಕಾಳಿ ಸೇತುವೆಗೆ ಬಂದೆವು. ಸೇತುವೆಯ ನಟ್ಟನಡುವೆ ಗಾಡಿ ಯೋಚಿಸಿತು, ಕೆಮ್ಮಿತು, ನಿಂತಿತು. ಹಿಂದೆ ಎರಡು ಜೀಪು ತುಂಬ ಶೈಲಾಳ ಬಳಗ. "ಗುಜರಿ" ಎಂದಳು ಶೈಲಾ, ಅಷ್ಟೇ.

ಇಳಿದು ಮುಚ್ಚಳ ತೆಗೆದೆ. ಹುಶ್ಶ್. ಕೈಯಲ್ಲಿ ಪೊಟ್ಟಣ. ಇದು ಹೊರಗಿದ್ದಾಗ ಓಡುತ್ತದೆ, ಒಳಗಿದ್ದಾಗ ನಿಲ್ಲುತ್ತದೆ. ಪಾಂಡು ಊದಿನಕಡ್ಡಿ ಹಚ್ಚಿಟ್ಟಾಗ ಓಡಿತ್ತು, ಆಯಿಯ ಮಡಿಲಲ್ಲಿದ್ದಾಗ ಓಡಿತ್ತು. ಮುಚ್ಚಳವನ್ನು ತಿರುಗಿಸಿ ನೋಡಿದೆ. ಗಾಳಿ ಒಳಹೋಗಲೆಂದು ಅದರಲ್ಲೊಂದು ಸಣ್ಣ ತೂತು, ಪೊಟ್ಟಣ ಕೂರುತ್ತಿದ್ದುದು ಸರಿಯಾಗಿ ಅದರ ಮೇಲೆ. ಡೀಸೆಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರದೆ ಪಾಪದ ಗಾಡಿ ಉಸಿರುಕಟ್ಟುತ್ತಿತ್ತು. ನಾನು, ಪಾಂಡು, ಬಂಕಿನಲ್ಲಿ ಡೀಸೆಲ್ ಹಾಕುವವ, ಎಲ್ಲರೂ ರೋಗವನ್ನು ಕೈಯಾರೆ ಹೊರತೆಗೆದು, ಕಣ್ಣಿಗೊತ್ತಿಕೊಂಡು, ಜೋಪಾನವಾಗಿ ಮರಳಿ ಒಳಗಿಟ್ಟು ಮುಚ್ಚಳ ಬಿಗಿದಿದ್ದೆವು!

ಗಾಡಿ ಉಳಿಯಬೇಕಾದರೆ ಇದನ್ನು ಈಗಲೇ, ಶೈಲಾಳ ಎದುರು ಹೇಳಬೇಕು. ಆದರೆ ಹೇಳುವುದು ಹೇಗೆ? ನಿನ್ನ ಪ್ರಸಾದದಿಂದಲೇ ಗಾಡಿ ಕೆಟ್ಟಿತು ಎಂದು ಹೆತ್ತವಳಿಗೆ ಹೇಳುವುದೇ? ಕಿಟಕಿಯ ಹತ್ತಿರ ಹೋಗಿ, "ಆಯೀ... ಅಂ... ಅದು... ಈ ಪ್ರಸಾದ... ಅಂದ್ರೆ... ಮುಚ್ಚಳದ..." ಎಂದೆ. ನಿಲ್ಲಿಸಿದೆ. ಮತ್ತೆ "ಅಂ..." ಎಂದೆ. ಹಿಂದಿನ ಜೀಪು ಹಾರ್ನ್ ಹೊಡೆಯಿತು.

ಆಯಿ ನನ್ನ ಕೈಯಿಂದ ಪೊಟ್ಟಣ ಕಸಿದುಕೊಂಡಳು. "ಆ ಹುಶ್ಶ್ ನಂಗೂ ಕೇಳ್ತು. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡದ್ರೆ ಎಣ್ಣೆ ಬತ್ತದಾ? ಇಷ್ಟು ವರ್ಷ ಎರಡು ತೂತು ಹೊಡದವ್ಳು ನಾನು, ನಂಗೇ ಹೊಳೀಲಿಲ್ಲ. ದೇವ್ರು ಸರಿಯಾಗೇ ಹೇಳಿತ್ತು, ದೋಷ ಮನೇದು ಅಂತ. ನಾವು ಸುಮ್ನೆ ನಿನ್ನ ನೋಡಿದ್ವು" ಎಂದು ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡಳು. ಶೈಲಾ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಳು, ಗುಜರಿಯವನ ಸುದ್ದಿ ಅಲ್ಲಿಗೇ ಬಿತ್ತು. ನಾನು ಹತ್ತಿ ಕೂತು ಗಾಡಿ ಬಿಟ್ಟೆ. ಅದು ಒಮ್ಮೆಯೂ ಯೋಚಿಸದೆ ಹೊರಟಿತು. ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗಾಡಿ ಬಾಯಲ್ಲಿ ಪ್ರಸಾದ ಇಟ್ಟವ್ಳು ನಾನು, ಒಪ್ಕಂಡೆ. ನಿನ್ನ ಬಾಯಲ್ಲಿ ಇಟ್ಟವ್ರು ಯಾರಾ ತಮಾ?" ಎಂದು ಕೇಳಿದಳು.

"ಅಂ... ಅದು... ಅಂದ್ರೆ..." ಎಂದು ನಾನು ಶುರುಮಾಡುವಷ್ಟರಲ್ಲಿ ಗಾಡಿ ಸೇತುವೆ ದಾಟಿಯಾಗಿತ್ತು.