ಮುದುಕಿ ಹೆಕ್ಕಿದ ತಲೆ

ಮೃಗಾಲಯದಲ್ಲಿ ಕೋತಿಗಳನ್ನು ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಕೋತಿಮಾವ ಅನ್ನುತ್ತಿದ್ದರು. ಪಾಪದ ಮನುಷ್ಯ, ಆದರೆ ಪೂರ್ತಿ ಪಾಪದವನೂ ಅಲ್ಲ. ಕೋತಿಮನೆಗೆ ಒಬ್ಬ ಮೇಸ್ತ್ರಿ ಬೇಕಾಗಿದ್ದ. ಪ್ರಾಣಿಗಳು ಯಾರನ್ನು ಹಚ್ಚಿಕೊಂಡಿವೆಯೋ ಅವರಿಗೇ ಆ ಹುದ್ದೆ ಎಂದು ಸಾಹೇಬರು ಹೇಳಿದ್ದರು. ಹನ್ನೊಂದು ವರ್ಷ ಬೋನು ಗುಡಿಸಿದವನಿಗೆ ಅದು ಬೇಕೇ ಬೇಕಿತ್ತು. ಮೊನ್ನೆ ಸಾಹೇಬರ ಕುರ್ಚಿಯನ್ನು ತನ್ನ ಟವೆಲಿನಲ್ಲೇ ಒರೆಸಿ ಬಂದಿದ್ದ. ದಿನಾ ಬೆಳಿಗ್ಗೆ ತಲೆಗೂದಲಿಗೆ ಒಂದು ಚಿಟಿಕೆ ಬಿಸ್ಕತ್ತಿನ ಪುಡಿ ಗುಟ್ಟಾಗಿ ಉದುರಿಸಿಕೊಂಡು ಸರಳಿಗೆ ಒರಗಿ ಕೂರುತ್ತಿದ್ದ. ಮುದುಕಿ ಅನ್ನುವ ಹಿರಿಯ ಹೆಣ್ಣು ಕೋತಿ ಕೈಚಾಚಿ ಕೂದಲು ಬಿಡಿಸಿ ಬಿಡಿಸಿ ಹೆಕ್ಕುತ್ತಿದ್ದಳು. ನೋಡಿದವರು ಎಂಥ ಪ್ರೀತಿ ಅನ್ನುತ್ತಿದ್ದರು.

ಇವತ್ತು ಮಧ್ಯಾಹ್ನ ಸಾಹೇಬರು ಪರೀಕ್ಷೆಗೆ ಬರುವವರಿದ್ದರು. ಇರಲಿ ಅಂತ ಕೋತಿಮಾವ ಬೆಳಿಗ್ಗೆಯೇ ಎರಡು ಚಿಟಿಕೆ ಹಾಕಿಕೊಂಡು ಅಭ್ಯಾಸಕ್ಕೆ ಕೂತ. ಮುದುಕಿ ಎರಡೂ ಕೈಯಲ್ಲಿ ಹೆಕ್ಕಿ ಬಾಯಿಗೆ ಹಾಕತೊಡಗಿದಳು. ಜಿಂಕೆಗಳನ್ನು ನೋಡಿಕೊಳ್ಳುತ್ತಾ ಅದೇ ಹುದ್ದೆಯ ಮೇಲೆ ಕಣ್ಣಿಟ್ಟಿದ್ದ ಜಿಂಕೆಯವನು ಬಂದು ನಿಂತ.

"ಏನಣ್ಣ, ನಿನ್ ತಲೇಲಿ ಅಷ್ಟೊಂದು ಏನ್ ತಿಂತಿದಾಳೆ?"

"ಏನಿಲ್ಲಪ್ಪ, ಪ್ರೀತಿ."

"ಪ್ರೀತೀನ ಅಗಿದು ನುಂಗ್ತಾರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋ ಹಾಗೆ ಕೋತಿಮಾವನ ಕೈ ತಾನಾಗಿ ತಲೆಗೆ ಹೋಯಿತು. ಅಷ್ಟೇ ಸಾಕಾಯಿತು. ಅರ್ಧ ಗಂಟೆಯಲ್ಲಿ ಇಡೀ ಮೃಗಾಲಯಕ್ಕೆ ಅವನ ತಲೆಯಲ್ಲಿ ಹೇನಿದೆ ಅಂತ ಗೊತ್ತಾಯಿತು. ಹಕ್ಕಿಗಳನ್ನು ನೋಡಿಕೊಳ್ಳುವ ಅಕ್ಕ ಮಾರು ದೂರ ನಿಂತು, "ನನ್ ಗಿಳಿ ನಿನ್ನೆಯಿಂದ ಪುಕ್ಕ ಕಿತ್ಕೊಳ್ತಿದೆ, ಈಗ ಗೊತ್ತಾಯ್ತು" ಅಂದಳು. ತನ್ನ ಜಿಂಕೆಯೂ ಬೇಲಿಗೆ ಮೈ ಉಜ್ಜುತ್ತಿದೆ ಅಂದ ಜಿಂಕೆಯವನು. ಮಾತಾಡುತ್ತಾ ಆಡುತ್ತಾ ಅವರೂ ಕೆರೆದುಕೊಳ್ಳತೊಡಗಿದರು.

ಪ್ರಾಣಿಗಳ ಡಾಕ್ಟರು ಭೂತಗನ್ನಡಿ ಹಿಡಿದು ಬಂದರು. "ಗಿಳಿಯ ಹೇನು ಗಿಳಿಗೆ, ಜಿಂಕೆಯ ಹೇನು ಜಿಂಕೆಗೆ. ನಮ್ಮದು ಅವಕ್ಕೆ ಒಗ್ಗಲ್ಲ. ಆದ್ರೆ ಕೋತಿ ನಮಗೆ ಹತ್ತಿರದ ನೆಂಟ, ಅನುಮಾನ ಇಟ್ಕೊಂಡೇ ಇರಬೇಕು. ಎಲ್ಲಿ, ಬಗ್ಗು."

ಬಗ್ಗಿದರೆ ಬಿಸ್ಕತ್ತು ಸಿಕ್ಕಿಬೀಳುತ್ತೆ, ಹುದ್ದೆ ಹೋಗುತ್ತೆ. ಬಗ್ಗದಿದ್ದರೆ ಹೇನಿನವನು ಅನ್ನಿಸಿಕೊಳ್ಳಬೇಕು. ಅಡಕತ್ತರಿಯಲ್ಲಿ ಸಿಕ್ಕಿಕೊಂಡ ಕೋತಿಮಾವ, "ಈಗ ಬಂದೆ ಸಾರ್" ಅಂದವನೇ ಕ್ಷೌರದಂಗಡಿಗೆ ಓಡಿದ. ಕೂದಲೇ ಇಲ್ಲದಿದ್ದರೆ ಅನುಮಾನ ಎಲ್ಲಿಂದ ಬಂತು ಅಂದುಕೊಂಡು ನುಣ್ಣಗೆ ಬೋಳಿಸಿಕೊಂಡು ಬಂದ.

ಮಧ್ಯಾಹ್ನ ಸಾಹೇಬರ ಎದುರು ಬೋಳುತಲೆಯನ್ನು ಸರಳಿಗೆ ಒಡ್ಡಿದ. ಮುದುಕಿ ಒಮ್ಮೆ ಸವರಿದಳು, ಏನೂ ಸಿಗಲಿಲ್ಲ, ಬೆನ್ನು ತಿರುಗಿಸಿ ಕೂತಳು. ಅವನಿಗೆ ಅಳುವೇ ಬಂತು.

ಸಾಹೇಬರಿಗೆ ತಮ್ಮ ದಟ್ಟ ಕೂದಲಿನ ಮೇಲೆ ತುಸು ಅಭಿಮಾನ. "ಪ್ರಾಣಿಗೆ ಮನಸ್ಸು ಅರ್ಥ ಆಗುತ್ತೆ ಕಣ್ರಯ್ಯ" ಎನ್ನುತ್ತಾ ತಾವೇ ಒರಗಿದರು. ಮುದುಕಿ ಥಟ್ಟನೆ ತಿರುಗಿ ಕೂದಲು ಬಿಡಿಸಿದಳು, ಉಗುರಲ್ಲಿ ಏನನ್ನೋ ಎಳೆದು ಅಂಗೈಮೇಲಿಟ್ಟು ನೋಡಿದಳು. ಭೂತಗನ್ನಡಿಯಲ್ಲಿ ಇಣುಕಿದ ಡಾಕ್ಟರ ಮುಖ ಬಿಳಿಚಿಕೊಂಡಿತು.

"ಸಾರ್, ಹೇನು. ಓಡಾಡ್ತಿದೆ."

ಸಾಹೇಬರ ತಲೆಯನ್ನು ನೋಡುವ ಧೈರ್ಯ ಯಾರಿಗಿದೆ? ಎಲ್ಲರೂ ಬೋಳುತಲೆಯನ್ನು ನೋಡಿದರು.

"ಮೊನ್ನೆ ನನ್ ಕುರ್ಚಿ ಯಾವುದ್ರಲ್ಲಿ ಒರೆಸ್ದೆ?" ಸಾಹೇಬರು ಕೇಳಿದರು.

"ನನ್ ಟವೆಲಲ್ಲಿ ಸಾರ್."

"ಹೇನಿಲ್ಲದೋನು ಇವತ್ತೇ ಯಾಕೆ ತಲೆ ಬೋಳಿಸ್ಕೊಂಡೆ?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ನನ್ ತಲೇಲಿ ಇದ್ದಿದ್ದು ಬಿಸ್ಕತ್ತಿನ ಪುಡಿ ಸಾರ್, ದೇವರಾಣೆ. ಬೇಕಾದ್ರೆ ನನ್ ತಲೆ ನೋಡಿ."

"ನೋಡೋಕೆ ಏನ್ ಉಳಿಸಿದೀಯ?"

ಮೇಸ್ತ್ರಿ ಹುದ್ದೆ ಜಿಂಕೆಯವನಿಗೆ ಸಿಕ್ಕಿತು. ಕೋತಿಮಾವನನ್ನು ಅವತ್ತೇ ಮೊಸಳೆ ಕೊಳಕ್ಕೆ ಹಾಕಿದರು. ಮೊಸಳೆಗೆ ಕೂದಲಿಲ್ಲ, ಹೇನು ಹತ್ತುವ ಭಯವಿಲ್ಲ ಅಂದರು ಡಾಕ್ಟರು. ಸಂಜೆ ಅವನು ಕೊಳದ ದಂಡೆಯಲ್ಲಿ ಬೋಳುತಲೆ ಸವರಿಕೊಳ್ಳುತ್ತಾ ಕೂತಿದ್ದಾಗ ಮೊಸಳೆಯೊಂದು ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿತ್ತು. ಅದರ ಪ್ರೀತಿಗೆ ಬಿಸ್ಕತ್ತೇನೂ ಬೇಕಿರಲಿಲ್ಲ.